ತೊಳೆಯದ ಭರಣಿ

ನೈಲ್ ದಂಡೆಯ ನಮ್ಮ ಊರಿನಲ್ಲಿ ಸತ್ತವರ ಜೊತೆ ಅವರ ಕಾಡಿಗೆ ಭರಣಿಯನ್ನೂ ಗೋರಿಯಲ್ಲಿಡುತ್ತೇವೆ, ಆದರೆ ತೊಳೆದು ಖಾಲಿ ಮಾಡಿ. ಕಣ್ಣಿಗೆ ಕಾಡಿಗೆ ಸಿಕ್ಕರೆ ಅವರಿಗೆ ಮನೆಯ ದಾರಿ ಕಾಣುತ್ತದೆ.

ಅತ್ತೆಯನ್ನು ಹೂಳಿ ಬಂದ ಸಂಜೆ ನನ್ನ ಬಿಳಿಗಲ್ಲಿನ ಭರಣಿ ತೆರೆದೆ. ಒಳಗೆ ತೊಳೆದ ನೀರು ಇನ್ನೂ ಆರಿರಲಿಲ್ಲ. ನಮ್ಮಿಬ್ಬರದೂ ಒಂದೇ ಥರದ ಭರಣಿ. ಗಡಿಬಿಡಿಯಲ್ಲಿ ನನ್ನದನ್ನು ತೊಳೆದು, ಅವರದನ್ನು ಹಾಗೇ ಗೋರಿಯಲ್ಲಿಟ್ಟಿದ್ದೆ.

"ಏನ್ರೀ, ತಪ್ಪಾಗೋಯ್ತು" ಎಂದು ಗಂಡನಿಗೆ ಎಲ್ಲ ಹೇಳಿದೆ.

ಅವರು ರೊಟ್ಟಿ ಬಿಟ್ಟೆದ್ದು ಅಗುಳಿ ಹಾಕಿದರು. "ಅಮ್ಮನ ಭರಣೀಲಿ ಕಾಡಿಗೆ ಎಷ್ಟಿತ್ತೇ?"

"ತಳದಲ್ಲಿ ಒಂಚೂರು."

"ಸದ್ಯ! ಅಷ್ಟಕ್ಕೆಲ್ಲಾ ದಾರಿ ಕಾಣಲ್ಲ ಬಿಡು."

ಯಾರೋ ಮೆಲ್ಲಗೆ ಬಾಗಿಲು ಬಡಿದರು.

"ಹೆನುತ್," ಅತ್ತೆಯ ದನಿ. "ಒಂದು ಕಣ್ಣಿಗಷ್ಟೇ ಆಯ್ತು ಕಣೇ. ಇನ್ನೊಂದಕ್ಕೆ ನಿನ್ನ ಭರಣಿ ಕೊಡು."