ಲಕ್ಷದ ಮೂರು ಪತ್ರಿ

“ಈ ಸಂಬಂಧ ಕುದುರಿದ್ರ ವಿರೂಪಾಕ್ಷಗ ಲಕ್ಷದ ಒಂದು ಬಿಲ್ವಪತ್ರಿ ಏರಿಸ್ತೀನ್ರಿ!” ಕಂಪ್ಲಿಯ ರೈಸ್ ಮಿಲ್ಲಿನ ಕೊಟ್ರಯ್ಯ ಮಗನಿಗೆ ಹೆಣ್ಣು ನೋಡಲು ಬಂದವರು, ಕೈಯಲ್ಲಿ ಮಿರ್ಚಿ ಬಜ್ಜಿ ಹಿಡಿದೇ ಘೋಷಿಸಿದರು. “ಬರೇ ಲಕ್ಷ ಆದ್ರ ಒಡೀತೈತಿ. ಒಂದು ಹೆಚ್ಚಿಗಿ ಹಾಕಿದ್ರ ಯಾರ ಕೈಲೂ ಭಾಗ ಆಗಂಗಿಲ್ಲ. ಈ ಜೋಡೀನೂ ಹಂಗ ಇರ್ಲಿ.”

ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಹುಡುಗಿ ಪೂಜಿತಾ ಮಾತ್ರ ಸೆರಗು ಹಿಂಡುತ್ತ ಕೂತಳು. ಹೊಸಪೇಟೆಯ ಕಾಲೇಜಿನಲ್ಲಿ ಗಣಿತ ಕಲಿಸುವ ಅವಳಿಗೆ ತಪ್ಪು ಲೆಕ್ಕ ಕೇಳಿದರೆ ಚಪ್ಪಲಿಯೊಳಗೆ ಕಲ್ಲು ಹೊಕ್ಕಂತೆ. “ಇವತ್ತೊಂದಿನ ಲೆಕ್ಕ ಬ್ಯಾಡವ್ವ, ಕೈ ಮುಗೀತೀನಿ,” ಎಂದು ತಾಯಿ ರೇಣುಕಮ್ಮ ಅಡುಗೆಮನೆಯಲ್ಲೇ ಬೇಡಿಕೊಂಡಿದ್ದರು. ಹೋದ ತಿಂಗಳು ಹೆಣ್ಣು ನೋಡಲು ಬಂದ ಸಂಡೂರಿನವರ ಕಾರಿನ ನಂಬರನ್ನು ಹದಿಮೂರರಿಂದ ಭಾಗಿಸಿ ತೋರಿಸಿದ್ದಕ್ಕೆ ಅವರು ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋಗಿದ್ದರು. ಆಗ ಅವಳಿಗೇನೂ ಅನ್ನಿಸಿರಲಿಲ್ಲ. ಈ ಹುಡುಗ ಮೌನೇಶ ಹಿಡಿಸಿಬಿಟ್ಟಿದ್ದ, ಅದೇ ಫಜೀತಿ.

“ಹನ್ನೊಂದರಿಂದ ಭಾಗ ಆಗ್ತೈತ್ರಿ.” ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

ರೇಣುಕಮ್ಮ ಕಣ್ಣು ಮುಚ್ಚಿಕೊಂಡರು.

“ಏನು ಭಾಗ ಆಗ್ತೈತವ್ವ?” ಎಂದರು ಕೊಟ್ರಯ್ಯ.

“ಲಕ್ಷದ ಒಂದು. ಹನ್ನೊಂದು ಪಾಲು ಮಾಡಿದ್ರ ಪಾಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು. ಒಂದೂ ಉಳಿಯಂಗಿಲ್ಲ.”

ಕೊಟ್ರಯ್ಯ ಮಿರ್ಚಿಯನ್ನು ತಟ್ಟೆಗಿಟ್ಟು ಮೊಬೈಲಿನಲ್ಲಿ ಲೆಕ್ಕ ಒತ್ತಿದರು. ನಂಬಿಕೆ ಬಾರದೆ ಮತ್ತೊಮ್ಮೆ ಒತ್ತಿದರು. “ನಮ್ಮಪ್ಪನ ಕಾಲದಿಂದ ಒಂದು ಸೇರಿಸ್ಕೊಂತ ಬಂದೀವಿ. ಶುಭದ ಮಾತಿನಾಗ ಹಿಂಗ ಅಡ್ಡ ಬಾಯಿ ಹಾಕ್ತಾರೇನು?” ಎಂದು ಮುಖ ಊದಿಸಿದರು. ಮುಗೀತು ಎಂದುಕೊಂಡಳು ಪೂಜಿತಾ.

ಅಲ್ಲಿಯವರೆಗೆ ಹೆಸರಿಗೆ ತಕ್ಕಂತೆ ಕೂತಿದ್ದ ಮೌನೇಶ ಅವಳತ್ತ ತಿರುಗಿದ. “ಹಂಗಾದ್ರ ಒಡೀಲಾರದ್ದು ಯಾವುದ್ರಿ?”

“ಲಕ್ಷದ ಮೂರು. ಅವಿಭಾಜ್ಯ ಸಂಖ್ಯೆ. ಒಂದು ಬಿಟ್ರ ಅದನ್ನ ಅದ ಭಾಗಿಸ್ಕೋಬೇಕು, ಬ್ಯಾರೆ ಯಾರ ಕೈಲೂ ಆಗಂಗಿಲ್ಲ.”

“ಅಂದ್ರ ಇನ್ನೆರಡು ಪತ್ರಿ ಅಷ್ಟ,” ಎಂದು ಮೌನೇಶ ನಕ್ಕ. “ಒಂದು ನಾ ತರ್ತೀನಿ, ಒಂದು ನೀವು ತರ್ರಿ.”

“ಅದೂ ಒಡೀತೈತೇನೋ! ನೋಡೇ ಹೇಳ್ತೀನಿ,” ಎಂದು ಕೊಟ್ರಯ್ಯ ಮೇಲೆದ್ದರು. ಆದರೆ ತಟ್ಟೆಯಲ್ಲಿದ್ದ ಮಿರ್ಚಿಯನ್ನು ಬಿಡಲಿಲ್ಲ.

ಅವರ ಕಾರು ಇನ್ನೂ ಕಂಪ್ಲಿ ಮುಟ್ಟಿರಲಿಕ್ಕಿಲ್ಲ, ರೇಣುಕಮ್ಮನ ಫೋನ್ ಬಡಿದುಕೊಂಡಿತು. “ನಿಮ್ಮ ಮಗಳಿಗೆ ಕೊಡ್ರಿ.” ಪೂಜಿತಾ ಫೋನ್ ಹಿಡಿದಳು.

“ಮೂರು, ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಜಗ್ಗವಲ್ದು ಇದು! ಎಲ್ಲೀತನ ನೋಡ್ಬೇಕವ್ವ?”

“ವರ್ಗಮೂಲ ಮುನ್ನೂರ ಹದಿನಾರರ ಮ್ಯಾಲ ಚೂರು, ಅಲ್ಲೀತನ ನೋಡಿದ್ರ ಸಾಕ್ರಿ, ಮಾವಾರೇ.”

“ಹಂಗಾದ್ರ,” ಎಂದರು ಕೊಟ್ರಯ್ಯ, “ಪತ್ರಿ ಎಣಿಸಾಕ ನೀನ ಬರಬೇಕು.”