ಅಪ್ಪನ ಚೌಕಾಸಿ

"ಏನ್ ಸ್ವಾಮಿ, ಕೆರೆ ಪಕ್ಕದ ರೂಮು ಬಾಡಿಗೆಗೋ, ಕ್ರಯಕ್ಕೋ?" ಮಗ ಫೋನಿನಲ್ಲಿ ತೀರಿಹೋದ ಅಪ್ಪನ ದನಿ ತೆಗೆದು ಚೌಕಾಸಿಗೆ ನಿಂತ. ನಾಳೆಯೇ ಶನಿವಾರ, ಮಹಾನಗರದಾಚೆಯ ಆ ಲಾಡ್ಜು ಅಗ್ಗಕ್ಕೆ ಸಿಕ್ಕರೆ, ಅಪ್ಪ ಹೋದಂದಿನಿಂದ ಕೋಣೆ ಬಿಟ್ಟು ಬಾರದ, ತುಟಿ ಬಿಚ್ಚದ ಅಮ್ಮನನ್ನು ಹೇಗಾದರೂ ಹೊರಡಿಸಬೇಕಿತ್ತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಲಾಡ್ಜಿನವನು ಸೋತು ಒಪ್ಪಿ ಫೋನಿಟ್ಟ. "ನೋಡಿದ್ಯೇನೇ, ಅರ್ಧಕ್ಕರ್ಧ ಇಳಿಸ್ದೆ!" ಮಗ ಅದೇ ದನಿಯಲ್ಲಿ ಬೀಗಿದ.

ಅಮ್ಮನ ಕೋಣೆಯ ಬಾಗಿಲು ತೆರೆಯಿತು. ತಲೆ ಬಾಚಿಕೊಂಡು, ಅಪ್ಪನ ಸ್ವೆಟರನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಅಮ್ಮ ನಿಂತಿದ್ದಳು. "ಕೆರೆ ಗಾಳಿ ನಿಮಗಾಗಲ್ಲ, ಇದನ್ನ ಇಟ್ಕೊಳ್ಳಿ. ಎಷ್ಟೊತ್ತಿಗೆ ಹೊರಡೋದು ರೀ?" ಎಂದು ಮಗನನ್ನೇ ನೋಡುತ್ತ ಕೇಳಿದಳು.

ಅಕ್ಕನ ನಗು ಇಂಗಿಹೋಯಿತು. ಮಗ ಗಂಟಲು ಸರಿಮಾಡಿಕೊಂಡು ತನ್ನ ದನಿಯನ್ನು ಹುಡುಕಿದ. "ಬೆಳಿಗ್ಗೆ ಬೇಗ ಕಣೇ," ಎಂದು ಹೊರಬಿದ್ದದ್ದು ಅಪ್ಪನದೇ ದನಿ.