ವಾನ್‌ಪೆನ್ ಯಾಕೆ ಒಲ್ಲೆ ಎಂದಳು

ಮುಪೋ ಟೋಕನ್ ಹಿಡಿದು ಕೂತಿದ್ದಳು. ಜಿಲ್ಲಾ ಕಚೇರಿಗೆ ಅವಳು ಹೇಳದೆ ಕೇಳದೆ ಒಬ್ಬಳೇ ಬಂದಿದ್ದಳು. ಇಪ್ಪತ್ತೆರಡು ವರ್ಷ ತನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದ ವಾನ್‌ಪೆನ್‌ಗೆ ಎಲ್ಲಾದರೂ ಒಬ್ಬ ಗಂಡನಿದ್ದಾನೆಯೇ ಎಂದು ತಿಳಿಯಬೇಕಿತ್ತು.

ಥಾಯ್ಲೆಂಡಿನಲ್ಲಿ ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೆಂಬ ಕಾನೂನು ಜಾರಿಗೆ ಬಂದು ಮೂರು ತಿಂಗಳಾಗಿತ್ತು. ಮೇಸರಿಯಾಂಗ್ ಪೇಟೆಯಲ್ಲೆಲ್ಲ ಅದೇ ಮಾತು. ಒಂದು ಕಾಲದಲ್ಲಿ ಇವರ ನೂಡಲ್ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹೂವಿನ ಸುಪಾವ್ ಈಗ ದಿನವೂ ಕಾಡುತ್ತಿದ್ದಳು.

"ಯಾವತ್ತೇ ಊಟ ಹಾಕ್ಸೋದು? ಮಲ್ಲಿಗೆ ಹಾರ ನಂದು. ಬೇಡ ಅಂದ್ರೆ ಮೂತಿಗೇ ಎಸೀತೀನಿ!"

ಊರೇ ಹೂಂ ಅಂದಿತ್ತು. ಒಲ್ಲೆ ಎಂದವಳು ವಾನ್‌ಪೆನ್ ಮಾತ್ರ.

"ಐವತ್ತೊಂಬತ್ತಕ್ಕೆ ಮದುಮಗಳಾ? ಹಲ್ಲಿಲ್ಲದವಳಿಗೆ ಹಾರ ಬೇರೆ ಕೇಡು," ಎಂದು ಮುಪೋ ಮೊದಲ ಸಲ ಕೇಳಿದಾಗ ನಕ್ಕಳು. ಎರಡನೇ ಸಲ ನಗಲಿಲ್ಲ. "ಈಗ ನಿನಗೇನು ಕಮ್ಮಿಯಾಗಿದೆ?" ಎಂದಳು. ಮೂರನೇ ಸಲ ಕೇಳಿದ ಮರುದಿನ ಮದುವೆಗೆ ಬೇಕಾದ, ಮನೆಯವರ ಹೆಸರುಗಳಿರುವ ನೋಂದಣಿ ಪುಸ್ತಕವೇ ಬೀರುವಿನಿಂದ ಮಾಯ.

ಕಮ್ಮಿಯೇನೂ ಆಗಿರಲಿಲ್ಲ, ನಿಜ. ಥಾಯ್ ಅಕ್ಷರ ಬಾರದ ಇಪ್ಪತ್ತರ ಕರೆನ್ ಬುಡಕಟ್ಟಿನ ಹುಡುಗಿಯಾಗಿ ಬೆಟ್ಟದಿಂದ ಇಳಿದು ಬಂದ ಮುಪೋಗೆ ವಾನ್‌ಪೆನ್ ಮನೆ ಕೊಟ್ಟಿದ್ದಳು, ಮನಸ್ಸನ್ನೂ ಕೊಟ್ಟಿದ್ದಳು. ಎರಡು ವರ್ಷದ ಮೇಲೆ ಇದೇ ಕಚೇರಿಗೆ ಕರೆತಂದಿದ್ದಳು. "ಸರ್ಕಾರದ ಪುಸ್ತಕದಲ್ಲಿ ನಿನ್ನ ಹೆಸರು ನನ್ನ ಹೆಸರಿನ ಕೆಳಗೆ ಬರಬೇಕು," ಎಂದಿದ್ದಳು. ಅಧಿಕಾರಿ ಗಡಗಡನೆ ಏನೋ ಓದಿ, "ಒಪ್ಪಿಗೆಯೇ?" ಎಂದ. ಅದೊಂದು ಮಾತು ಮುಪೋಗೆ ಅರ್ಥವಾಯಿತು. "ಒಪ್ಪಿಗೆ," ಎಂದು ಹೆಬ್ಬೆಟ್ಟು ಒತ್ತಿದಳು. ಬೇರೆ ಮದುವೆ ತಮ್ಮಂಥವರಿಗೆಲ್ಲಿ? ಆ ದಿನವನ್ನೇ ಮುಪೋ ಮದುವೆಯ ದಿನವೆಂದು ಮನಸ್ಸಿನಲ್ಲಿ ಇಟ್ಟುಕೊಂಡಳು.

ಆಮೇಲೆ ಬದುಕು ಹಗುರಾಯಿತು. ಅಂಗಡಿ ತನಗೇ ಬರಬೇಕೆಂದು ಕುಣಿಯುತ್ತಿದ್ದ ವಾನ್‌ಪೆನ್‌ಳ ಅಣ್ಣ ತೆಪ್ಪಗಾದ. ಅವಳಿಗೆ ಆಪರೇಷನ್ ಆದಾಗ ಆಸ್ಪತ್ರೆಯವರು ಒಂದೂ ಪ್ರಶ್ನೆ ಕೇಳದೆ ಮುಪೋಳಿಂದಲೇ ಒಪ್ಪಿಗೆ ಪಡೆದರು. ಜನ ಬದಲಾಗುತ್ತಿದ್ದಾರೆ ಎಂದು ಮುಪೋ ಹಿಗ್ಗಿದ್ದಳು.

ಆದರೆ ಪ್ರಾಯದಲ್ಲಿ ವಾನ್‌ಪೆನ್‌ಗೆ ಒಬ್ಬ ಸಾರ್ಜೆಂಟ್ ಜೊತೆ ನಿಶ್ಚಯವಾಗಿತ್ತಂತೆ. ಮುರಿದುಬಿತ್ತು ಎಂದಿದ್ದಳು. ನಿಜಕ್ಕೂ ಮುರಿದಿತ್ತೇ?

ಅವಳ ಸಂಖ್ಯೆ ಕೂಗಿದರು. ಮುಪೋ ಇಬ್ಬರ ಗುರುತಿನ ಚೀಟಿಯನ್ನೂ ಮೇಜಿನ ಮೇಲಿಟ್ಟಳು.

"ನಾವಿಬ್ರೂ ಮದುವೆ ಆಗ್ಬೇಕು. ಅವಳಿಗೆ ಮೊದಲೇ ಗಂಡ ಇದ್ದಾನಾ ನೋಡಿ. ಮುಚ್ಚುಮರೆ ಮಾಡ್ಬೇಡಿ."

ಕಂಪ್ಯೂಟರ್ ಮುಂದಿದ್ದ ಹುಡುಗಿ ಬೆರಳಾಡಿಸಿ ನಕ್ಕಳು. "ಗಂಡಾನೂ ಇಲ್ಲ, ಹೆಂಡ್ತೀನೂ ಇಲ್ಲ. ಇವರಿಗೆ ಮದುವೆಯೇ ಆಗಿಲ್ಲ ಅಕ್ಕ."

ಎದೆಯ ಮೇಲಿನ ಕಲ್ಲು ಇಳಿಯಿತು. ಎಂಥ ಪಾಪಿ ನಾನು, ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ಮುಪೋಳ ಕಣ್ಣು ತುಂಬಿತು. ಆಗಲೇ ಬಾಗಿಲಲ್ಲಿ ವಾನ್‌ಪೆನ್ ಕಂಡಳು. ಅಂಗಡಿಯ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು.

"ಮುಪೋ, ಏಳು. ಮನೆಗೆ ಬಾ, ಎಲ್ಲಾ ಹೇಳ್ತೀನಿ," ಎಂದು ಏದುಸಿರು ಬಿಟ್ಟಳು. "ಆಗ ಬೇರೆ ದಾರಿ ಇರ್ಲಿಲ್ಲ ಕಣೇ. ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ."

"ಏನು ಹೇಳಿದ್ರೆ?"

ಹುಡುಗಿಯ ಬೆರಳು ಪರದೆಯ ಮೇಲೆ ನಿಂತಿತ್ತು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ.

"ಅಕ್ಕ, ನಿಮ್ಮಿಬ್ಬರ ಮದುವೆ ನೋಂದಾಯಿಸೋಕೆ ಬರಲ್ಲ. ಇಪ್ಪತ್ತು ವರ್ಷದ ಹಿಂದೆ ಇವರು ನಿಮ್ಮನ್ನ ದತ್ತು ತಗೊಂಡಿದ್ದಾರೆ. ಕಾನೂನಿನ ಪ್ರಕಾರ ಇವರು ನಿಮ್ಮ ತಾಯಿ."